ಮಾನ್ವಿಯ ಶ್ರೀ ಜಗನ್ನಾಥದಾಸರು

ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ಬ್ಯಾಗವಟ್ಟಿ ಗ್ರಾಮದಲ್ಲಿ 1728ರಲ್ಲಿ ಜನಿಸಿದ ಶ್ರೀನಿವಾಸಾಚಾರ್ಯರು ಎಳೆಯ ವಯಸ್ಸಿನಲ್ಲಿಯೇ ಸಂಸ್ಕೃತದಲ್ಲಿ ಅಸಾಧಾರಣ ಪಾಂಡಿತ್ಯವನ್ನು ಗಳಿಸಿದರು. ಮಂತ್ರಾಲಯದ ಪರಂಪರೆಯ ಶ್ರೀ ವರದೇಂದ್ರತೀರ್ಥರಲ್ಲಿ ಅವರ ಶಾಸ್ತ್ರಾಧ್ಯಯನ ನಡೆಯಿತು. ವೇದಾಂತದ ಕಠಿಣ ಗ್ರಂಥಗಳು ಅವರಿಗೆ ಕರತಲಾಮಲಕವಾಗಿದ್ದವು. ಆದರೆ ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು, ಕನ್ನಡದಲ್ಲಿ ಹಾಡುತ್ತ ಮನೆಮನೆಗೆ ಹೋಗುವ ಹರಿದಾಸರಲ್ಲಿ ಮಾತ್ರ ಅವರಿಗೆ ಆದರವಿರಲಿಲ್ಲ.

ಅದೇ ಸೀಮೆಯ ಚೀಕಲಪರವಿಯ ಶ್ರೀ ವಿಜಯದಾಸರು ಒಮ್ಮೆ ಮಾನ್ವಿಗೆ ದಯಮಾಡಿಸಿ ಆಚಾರ್ಯರನ್ನು ಭೋಜನಕ್ಕೆ ಆಹ್ವಾನಿಸಿದರು. ದಾಸರ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಆಚಾರ್ಯರಿಗೆ ಒಗ್ಗಲಿಲ್ಲ. ಹೊಟ್ಟೆನೋವೆಂದು ನೆವ ಹೇಳಿಕಳುಹಿಸಿದರು. ಹೇಳಿದ ಸುಳ್ಳೇ ನಿಜವಾಯಿತೆಂದು ದಾಸಪರಂಪರೆ ಹೇಳುತ್ತದೆ. ಉಂಡ ಅನ್ನ ನಿಲ್ಲದಂತಹ ಉದರಶೂಲೆ ಪ್ರಾಪ್ತವಾಗಿ ದೇಹ ಕೃಶವಾಯಿತು. ಔಷಧ, ಕ್ಷೇತ್ರಯಾತ್ರೆಗಳು ಫಲಿಸಲಿಲ್ಲ. ಕೊನೆಗೆ ಮಂತ್ರಾಲಯದಲ್ಲಿ ಸೇವೆಗೆ ಕುಳಿತಾಗ, ಯಾರಲ್ಲಿ ಅಪರಾಧವಾಗಿದೆಯೋ ಅವರಿಗೇ ಶರಣು ಹೋಗಬೇಕೆಂಬ ಸೂಚನೆ ಸ್ವಪ್ನದಲ್ಲಿ ದೊರೆಯಿತು.

ಮಾಧ್ವ ಸಿದ್ಧಾಂತದಲ್ಲಿ ಸಾಧನೆಯ ಸೋಪಾನಗಳು ಸ್ಪಷ್ಟವಾಗಿವೆ. ವೈರಾಗ್ಯ ಮತ್ತು ಗುರುಭಕ್ತಿಯಿಂದ ಕೂಡಿದ ಅಧಿಕಾರಿ ಮೊದಲು ಶ್ರವಣ ಮಾಡಬೇಕು. ಕೇಳಿದ್ದನ್ನು ಯುಕ್ತಿಯಿಂದ ದೃಢಪಡಿಸಿಕೊಳ್ಳುವುದು ಮನನ. ನಿರಂತರ ಧ್ಯಾನವೇ ನಿದಿಧ್ಯಾಸನ. ಅದರ ಫಲ ಅಪರೋಕ್ಷಜ್ಞಾನ, ಆ ಬಳಿಕ ಭಗವತ್ಪ್ರಸಾದದಿಂದ ಮುಕ್ತಿ. ಈ ಎಲ್ಲ ಮೆಟ್ಟಿಲುಗಳಲ್ಲಿಯೂ ಭಕ್ತಿ ಬೇಕೇ ಬೇಕು. ಭಗವಂತನ ಮಹಿಮೆಯ ಅರಿವಿನೊಡನೆ ಬೆರೆತ, ಸರ್ವಕ್ಕೂ ಮಿಗಿಲಾದ ಸ್ನೇಹವೇ ಆ ಭಕ್ತಿ. ಆಚಾರ್ಯರಲ್ಲಿ ಶ್ರವಣ ಮನನಗಳಿಗೆ ಕೊರತೆಯಿರಲಿಲ್ಲ. ಅರಿವು ಇತ್ತು, ಸ್ನೇಹ ಇನ್ನೂ ಒಸರಿರಲಿಲ್ಲ. ಮೇಲೇರಿದ್ದವರು ಮೊದಲ ಮೆಟ್ಟಿಲಿಗೆ ಇಳಿದುಬರಬೇಕಾಯಿತು. ಪಂಡಿತನಿಗೆ ಏರುವುದಕ್ಕಿಂತ ಇಳಿಯುವುದೇ ಪ್ರಯಾಸ.

ವಿಜಯದಾಸರು ಕೋಪಗೊಳ್ಳಲಿಲ್ಲ. ಉತ್ತನೂರಿನಲ್ಲಿದ್ದ ತಮ್ಮ ಶಿಷ್ಯ ಶ್ರೀ ಗೋಪಾಲದಾಸರ ಬಳಿಗೆ ಕಳುಹಿಸಿದರು. ಅಲ್ಲಿ ದೊರೆತ ಮದ್ದು ಮಂತ್ರಿಸಿಕೊಟ್ಟ ಜೋಳದ ರೊಟ್ಟಿ! ಅಲ್ಪಾಯುವಾಗಿದ್ದ ಆಚಾರ್ಯರಿಗೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಧಾರೆಯೆರೆದರೆಂದು ಪ್ರತೀತಿ. ಕೊಟ್ಟವರು ನಡುವಯಸ್ಸಿನಲ್ಲಿಯೇ ದೇಹವನ್ನು ತ್ಯಜಿಸಿದರು. ಪಡೆದವರು 80ರ ಆಸುಪಾಸಿನವರೆಗೆ ಬದುಕಿದರು. ಆ ಋಣವನ್ನು ಹೊತ್ತವರು ಮತ್ತೆ ಬರಿಯ ಪಂಡಿತರಾಗಿ ಉಳಿಯುವುದೆಂತು?

ಪಂಢರಾಪುರಕ್ಕೆ ಹೋಗಿ ಚಂದ್ರಭಾಗೆಯಲ್ಲಿ ಮಿಂದಾಗ ಜಗನ್ನಾಥವಿಠಲ ಎಂಬ ಅಂಕಿತ ಅವರಿಗೆ ಲಭಿಸಿತು. ಆಚಾರ್ಯರು ದಾಸರಾದರು, ಗೆಜ್ಜೆ ಕಟ್ಟಿದರು. ಕೀರ್ತನೆ, ಸುಳಾದಿ, ತತ್ತ್ವಸುವ್ವಾಲಿಗಳನ್ನು ರಚಿಸಿದರು. ಇವೆಲ್ಲಕ್ಕೂ ಕಳಶಪ್ರಾಯವಾದುದು ಭಾಮಿನೀ ಷಟ್ಪದಿಯ ಹರಿಕಥಾಮೃತಸಾರ. ಸಂಸ್ಕೃತಗ್ರಂಥಗಳಲ್ಲಿ ಹುದುಗಿದ್ದ ಸಿದ್ಧಾಂತವು ಸಂಸ್ಕೃತವರಿಯದ ಗೃಹಿಣಿಯರ ಕಂಠಕ್ಕೂ ಅದರಿಂದ ಇಳಿದುಬಂದಿತು. ಭಗವಂತನ ಕಾರುಣ್ಯವನ್ನು ಹೇಳುವ ಕರುಣಾಸಂಧಿಯಂತೂ ಊರು ತೊರೆದು ದೂರದ ನಗರಗಳಲ್ಲಿ ನೆಲೆಸಿದ ಮನೆಗಳಲ್ಲಿಯೂ ಪಾರಾಯಣಗೊಳ್ಳುತ್ತದೆ.

ಅದೇ ಕೃತಿಯಲ್ಲಿ ಭೋಜನಸಂಧಿ ಎಂಬುದೂ ಇದೆ. ಅನ್ನದಲ್ಲಿ, ವ್ಯಂಜನಗಳಲ್ಲಿ, ಉಣ್ಣುವವನಲ್ಲಿ ಶ್ರೀಹರಿಯ ರೂಪಗಳನ್ನು ಚಿಂತಿಸುತ್ತ, ಊಟವನ್ನೇ ಪೂಜೆಯಾಗಿಸುವ ಬಗೆ ಅಲ್ಲಿ ನಿರೂಪಿತವಾಗಿದೆ. ದಾಸರ ಮನೆಯ ಎಲೆಗೆ ಕುಳಿತುಕೊಳ್ಳಲು ಒಲ್ಲೆನೆಂದವರೇ ಅದನ್ನು ಬರೆದರು.

1809ರ ಭಾದ್ರಪದ ಶುದ್ಧ ನವಮಿಯಂದು ಮಾನ್ವಿಯಲ್ಲಿ ದಾಸರು ಹರಿಪದವನ್ನು ಸೇರಿದರು. ಅವರು ವಾಸವಾಗಿದ್ದ ಮನೆಯ ಕಂಬದಲ್ಲಿ ಅವರ ಸನ್ನಿಧಾನವಿದೆಯೆಂದು ನಂಬಿದ ಭಕ್ತರು ಆ ತಿಥಿಯಂದು ಅಲ್ಲಿ ಆರಾಧನೆ ನಡೆಸುತ್ತಾರೆ. ಬಂದವರಿಗೆಲ್ಲ ಎಲೆ ಹಾಕಿ ಬಡಿಸುತ್ತಾರೆ.