ಬ್ಯಾರಿಸ್ಟರ್ ಚಂಪತ್ ರಾಯ್ ಜೈನ್

ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ನೆಲೆಸಿರುವ ಜೈನ ಕುಟುಂಬವೊಂದರ ಯಜಮಾನರು ಉಯಿಲು ಬರೆಯದೆ ಕಾಲವಾದರೆ, ಅವರ ಸ್ವಯಾರ್ಜಿತ ಮನೆಯಲ್ಲಿ ಧರ್ಮಪತ್ನಿಗೂ ಮಕ್ಕಳಿಗೂ ಸಮಾನವಾದ ಭಾಗ ದೊರೆಯುತ್ತದೆ. ಇಂದು ಇದು ಯಾರಿಗೂ ವಿಶೇಷವೆಂದು ತೋರುವುದಿಲ್ಲ. ಆದರೆ ನೂರು ವರ್ಷಗಳ ಹಿಂದೆ, ಪತಿಯ ಆಸ್ತಿಯಲ್ಲಿ ತನಗೆ ಪೂರ್ಣ ಸ್ವಾಮ್ಯವಿದೆಯೆಂದು ಸಾಧಿಸಬೇಕಾದ ಜೈನ ವಿಧವೆಯು ವರ್ಷಗಟ್ಟಲೆ ನ್ಯಾಯಾಲಯಗಳ ಮೆಟ್ಟಿಲು ಹತ್ತಬೇಕಾಗುತ್ತಿತ್ತು. ಆ ಕಾಲದಲ್ಲಿ ಜೈನರ ದಾಯಭಾಗದ ಧರ್ಮವನ್ನು ಶಾಸ್ತ್ರಗ್ರಂಥಗಳಿಂದ ಸಂಗ್ರಹಿಸಿ, ಕಾನೂನಿನ ಪರಿಭಾಷೆಯಲ್ಲಿ ನಿರೂಪಿಸಿ, ನ್ಯಾಯಾಧೀಶರ ಮುಂದಿರಿಸಲು ಶ್ರಮಿಸಿದ ಮಹನೀಯರಲ್ಲಿ ಬ್ಯಾರಿಸ್ಟರ್ ಚಂಪತ್ ರಾಯ್ ಜೈನರು ಅಗ್ರಗಣ್ಯರು.

ಚಂಪತ್ ರಾಯರು 1867ರಲ್ಲಿ ದೆಹಲಿಯ ದಿಗಂಬರ ಜೈನ ಮನೆತನವೊಂದರಲ್ಲಿ ಜನಿಸಿದರು. 1892ರಲ್ಲಿ ಕಾನೂನಿನ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ತೆರಳಿ, 1897ರಲ್ಲಿ ಬ್ಯಾರಿಸ್ಟರ್ ಆಗಿ ಸ್ವದೇಶಕ್ಕೆ ಮರಳಿದರು. ಅವಧ ಪ್ರಾಂತದ ಹರ್ದೋಯಿಯಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡು ಕೀರ್ತಿಯನ್ನು ಸಂಪಾದಿಸಿದರು. ತಾರುಣ್ಯದಲ್ಲಿ ಅವರ ಮನಸ್ಸು ಪಾಶ್ಚಾತ್ಯ ವಿಚಾರಧಾರೆಯತ್ತ ವಾಲಿತ್ತು. ನಡುವಯಸ್ಸಿನಲ್ಲಿ ಆಪ್ತ ಬಂಧುವೊಬ್ಬರ ಮರಣವು ಅವರನ್ನು ಅಂತರ್ಮುಖಿಗಳನ್ನಾಗಿ ಮಾಡಿತು. ಹುಟ್ಟಿನಿಂದ ಬಂದಿದ್ದ ಧರ್ಮವನ್ನು ಅವರು ಆಗ ಅಧ್ಯಯನದಿಂದ ಮತ್ತೆ ತಮ್ಮದಾಗಿಸಿಕೊಂಡರು. 1915ರಲ್ಲಿ ಪ್ರಕಟವಾದ ‘ಕೀ ಆಫ್ ನಾಲೆಜ್’ ಎಂಬ ಬೃಹದ್‌ಗ್ರಂಥವು ಈ ಅಧ್ಯಯನದ ಫಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನೂ ಅವರು ಇಂಗ್ಲಿಷಿಗೆ ತಂದರು. ಸಮಾಜವು ಅವರನ್ನು ವಿದ್ಯಾವಾರಿಧಿ ಎಂಬ ಬಿರುದಿನಿಂದ ಗೌರವಿಸಿತು.

ಅವರು ಎದುರಿಸಿದ ಸಮಸ್ಯೆಯ ಸ್ವರೂಪವನ್ನು ಅರಿಯಬೇಕಾದರೆ ಅಂದಿನ ನ್ಯಾಯಾಲಯಗಳ ನಿಲುವನ್ನು ತಿಳಿಯುವುದು ಅವಶ್ಯ. ವಿಶೇಷವಾದ ರೂಢಿಯೊಂದು ಸಿದ್ಧವಾಗದ ಹೊರತು ಜೈನರಿಗೂ ಹಿಂದೂ ಕಾನೂನೇ ಅನ್ವಯಿಸುತ್ತದೆಂದು ಲಂಡನ್ನಿನ ಪ್ರಿವಿ ಕೌನ್ಸಿಲ್ 1878ರಲ್ಲಿ ಛೋಟೇಲಾಲ್ ಮತ್ತು ಚುನ್ನೂಲಾಲರ ವ್ಯಾಜ್ಯದಲ್ಲಿ ತೀರ್ಮಾನಿಸಿತ್ತು. ಅದೇ ವರ್ಷ ಶಿವಸಿಂಗ್ ರಾಯ್ ಮತ್ತು ದಾಖೋ ಎಂಬ ಜೈನ ವಿಧವೆಯ ನಡುವಣ ವ್ಯಾಜ್ಯದಲ್ಲಿ, ಪುತ್ರಸಂತಾನವಿಲ್ಲದ ವಿಧವೆಗೆ ಪತಿಯ ಸ್ವಯಾರ್ಜಿತ ಆಸ್ತಿಯ ಮೇಲೆ ಪೂರ್ಣ ಹಕ್ಕಿರುವ ರೂಢಿಯನ್ನು ಅದೇ ನ್ಯಾಯಪೀಠ ಮಾನ್ಯ ಮಾಡಿತು. ಹಕ್ಕು ಇತ್ತು; ಆದರೆ ಅದು ಕಾನೂನಾಗಿರಲಿಲ್ಲ, ರೂಢಿಯಾಗಿತ್ತು. ರೂಢಿಯೆಂದರೆ ಅದನ್ನು ಸಾಕ್ಷಿಗಳ ಮೂಲಕ ರುಜುವಾತುಪಡಿಸಬೇಕು. ಹಿರಿಯರನ್ನು ಕರೆತಂದು, ಹಿಂದೆ ನಡೆದ ಉದಾಹರಣೆಗಳನ್ನು ಹೇಳಿಸಿ, ಪ್ರತಿಪಕ್ಷದ ಪಾಟೀಸವಾಲನ್ನು ಎದುರಿಸಿ ಗೆಲ್ಲಬೇಕು. ಅನುಕೂಲಸ್ಥರಿಗೆ ಇದು ಸಾಧ್ಯವಾದೀತು. ಮೈದುನರ ಆಶ್ರಯದಲ್ಲಿ ದಿನ ಕಳೆಯುವ ಬಡ ವಿಧವೆಗೆ ಅದು ಎಟುಕುವ ಮಾತಾಗಿರಲಿಲ್ಲ.

ಜೈನರಲ್ಲಿ ಈ ವಿಷಯದ ಗ್ರಂಥಗಳು ಇರಲಿಲ್ಲವೆಂದಲ್ಲ. ಶಾಸ್ತ್ರಗಳನ್ನು ನ್ಯಾಯಾಲಯಕ್ಕೆ ಒಯ್ದರೆ ಅವಿನಯವಾಗುವುದೆಂಬ ಭಾವನೆಯಿಂದ ಅವು ಭಂಡಾರಗಳಲ್ಲಿಯೇ ಉಳಿದಿದ್ದವು. ಕನ್ನಡಿಗರಿಗೆ ಈ ಸಂಗತಿ ಅಪರಿಚಿತವಲ್ಲ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಧವಲಾ ಸಿದ್ಧಾಂತದ ಮೊದಲ ಸಂಪುಟ ಮುದ್ರಣವನ್ನು ಕಂಡದ್ದು 1939ರಲ್ಲಿ. ಗ್ರಂಥವನ್ನು ಕಾಪಾಡಿದ್ದು ಭಕ್ತಿ. ಆದರೆ ವ್ಯವಹಾರದ ಗ್ರಂಥಗಳು ಬೆಳಕಿಗೆ ಬಾರದೆ ಇದ್ದುದರಿಂದ ನ್ಯಾಯಾಧೀಶರು ಅವುಗಳ ಇರವನ್ನೇ ಅರಿಯದಂತಾಯಿತು.

ಈ ಕೊರತೆಯನ್ನು ಮೊದಲು ನೀಗಲು ಯತ್ನಿಸಿದವರಲ್ಲಿ ಜುಗಮಂದರ ಲಾಲ್ ಜೈನಿಯವರ ಹೆಸರು ಸ್ಮರಣೀಯ. ಬ್ಯಾರಿಸ್ಟರರಾಗಿದ್ದು ಇಂದೋರಿನ ಉಚ್ಚ ನ್ಯಾಯಾಲಯದ ನ್ಯಾಯಾಧೀಶರೂ ಆಗಿದ್ದ ಅವರು 1916ರಲ್ಲಿ ಭದ್ರಬಾಹು ಸಂಹಿತೆಯ ದಾಯಭಾಗವನ್ನು ಅನುವಾದಿಸಿ ಪ್ರಕಟಿಸಿದರು. 1927ರಲ್ಲಿ ದಿವಂಗತರಾದ ಅವರು ತಮ್ಮ ಆಸ್ತಿಯನ್ನು ಜೈನ ಸಾಹಿತ್ಯದ ಪ್ರಸಾರಕ್ಕಾಗಿ ಟ್ರಸ್ಟಿಗೆ ಬಿಟ್ಟರು.

ಅಷ್ಟರಲ್ಲಿ ಹರಿಸಿಂಗ್ ಗೌರ್ ಅವರ ‘ಹಿಂದೂ ಕೋಡ್’ ಎಂಬ ಗ್ರಂಥ ಪ್ರಕಟವಾಗಿ, ಅದರಲ್ಲಿ ಜೈನರ ಕುರಿತಾಗಿದ್ದ ಅಭಿಪ್ರಾಯಗಳು ಸಮಾಜವನ್ನು ನೋಯಿಸಿದವು. ಚಂಪತ್ ರಾಯರು ಅದಕ್ಕೆ ಸಾಧಾರವಾದ ಉತ್ತರವನ್ನು ಬರೆದರು. 1926ರಲ್ಲಿ ಮದರಾಸಿನಿಂದ ಅವರ ‘ಜೈನ್ ಲಾ’ ಹೊರಬಂದಿತು. ಭದ್ರಬಾಹು ಸಂಹಿತೆ, ಅರ್ಹನ್ನೀತಿ, ವರ್ಧಮಾನ ನೀತಿ, ಇಂದ್ರನಂದಿ ಜಿನಸಂಹಿತೆ, ತ್ರೈವರ್ಣಿಕಾಚಾರಗಳೊಡನೆ, ರಾಷ್ಟ್ರಕೂಟ ಅಮೋಘವರ್ಷನ ಗುರುಗಳಾದ ಜಿನಸೇನಾಚಾರ್ಯರ ಆದಿಪುರಾಣವೂ ಅದಕ್ಕೆ ಆಧಾರವಾಯಿತು.

ಆ ಗ್ರಂಥದ ತಿರುಳು ಸರಳವಾದುದು. ವೈದಿಕ ಸಂಪ್ರದಾಯದಲ್ಲಿ ದಾಯಾಧಿಕಾರಕ್ಕೂ ಪಿಂಡಪ್ರದಾನಕ್ಕೂ ನಂಟಿದೆ. ಪಿತೃಗಳ ಸದ್ಗತಿಗೆ ಪುತ್ರನು ಬೇಕು. ಜೈನರಲ್ಲಿ ಜೀವನು ತನ್ನ ಕರ್ಮಫಲವನ್ನು ತಾನೇ ಅನುಭವಿಸುತ್ತಾನೆ. ಪುತ್ರನು ಇಡುವ ಪಿಂಡದಿಂದ ತಂದೆಯ ಗತಿ ಬದಲಾಗುವುದಿಲ್ಲ. ಆದುದರಿಂದ ದತ್ತು ಸ್ವೀಕಾರವು ಪಾರಮಾರ್ಥಿಕ ಕರ್ಮವಲ್ಲ, ಲೌಕಿಕ ವ್ಯವಹಾರ. ವಿಧವೆಯು ಪತಿಯ ಅನುಮತಿಯಿಲ್ಲದೆಯೂ ದತ್ತು ತೆಗೆದುಕೊಳ್ಳಬಹುದು. ವಾರಸುದಾರರ ಸಾಲಿನಲ್ಲಿ ಮೊದಲ ಸ್ಥಾನ ಪತ್ನಿಯದು. ಅವಳ ಸ್ವಾಮ್ಯವು ಪೂರ್ಣವಾದುದು. ಕರ್ಮಸಿದ್ಧಾಂತದಿಂದ ಹೆಣ್ಣಿನ ಆಸ್ತಿಯ ಹಕ್ಕಿನವರೆಗೆ ಎಳೆದ ಈ ತರ್ಕಸೂತ್ರದಲ್ಲಿ ಧರ್ಮಜ್ಞನೂ ವಕೀಲನೂ ಒಂದಾಗಿದ್ದರು.

1927ರಲ್ಲಿ ಗಟ್ಟೆಪ್ಪ ಮತ್ತು ಈರಮ್ಮ ಎಂಬುವರ ದತ್ತಕ ವ್ಯಾಜ್ಯವು ಮದರಾಸು ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಪೂರ್ವತೀರ್ಪುಗಳ ಕಟ್ಟು ಇಲ್ಲದಿದ್ದಲ್ಲಿ, ಜೈನರು ಹಿಂದೂ ಮತದಿಂದ ಬೇರೆಯಾದವರಲ್ಲ, ಅವರ ಧರ್ಮವು ಸ್ಮೃತಿಗಳಿಗಿಂತ ಪ್ರಾಚೀನವಾದುದೆಂದು ಹೇಳಲು ತಾವು ಒಲಿಯುವುದಾಗಿ ನ್ಯಾಯಮೂರ್ತಿ ಕುಮಾರಸ್ವಾಮಿ ಶಾಸ್ತ್ರಿಗಳು ಅಭಿಪ್ರಾಯಪಟ್ಟರು. ಆದರೂ ಪೂರ್ವತೀರ್ಪುಗಳು ಬದಲಾಗಲಿಲ್ಲ. ಚಂಪತ್ ರಾಯರು ಆಧರಿಸಿದ ಕೆಲವು ಗ್ರಂಥಗಳ ಪ್ರಾಚೀನತೆಯನ್ನು ಮುಂದಿನ ವಿದ್ವಾಂಸರು ಪ್ರಶ್ನಿಸಿದ್ದಾರೆ. ಜೈನರೆಲ್ಲರ ರೂಢಿಯೂ ಒಂದೇ ಆಗಿರಲಿಲ್ಲ; ತುಳುನಾಡಿನ ಜೈನ ಮನೆತನಗಳಲ್ಲಿ ಆಸ್ತಿಯು ಅಳಿಯಸಂತಾನ ಕಟ್ಟಿನಂತೆ ಸ್ತ್ರೀಸಂತತಿಯಲ್ಲಿ ಇಳಿದು ಬರುತ್ತಿತ್ತು.

ಚಂಪತ್ ರಾಯರ ಸೇವೆಯು ಆಸ್ತಿಯ ಕಾನೂನಿಗಷ್ಟೇ ಸೀಮಿತವಾಗಿರಲಿಲ್ಲ. 1923ರಲ್ಲಿ ಅಖಿಲ ಭಾರತವರ್ಷೀಯ ದಿಗಂಬರ ಜೈನ ಪರಿಷತ್ತಿನ ಸ್ಥಾಪನೆಯಲ್ಲಿ ಅವರು ಮುಂದಾಳಾಗಿದ್ದರು. ಸಮ್ಮೇದ ಶಿಖರಜಿಯ ಪೂಜಾಧಿಕಾರದ ವ್ಯಾಜ್ಯವು ಪ್ರಿವಿ ಕೌನ್ಸಿಲ್ಲಿಗೆ ಹೋದಾಗ ದಿಗಂಬರ ಸಮಾಜದ ಪರವಾಗಿ ಲಂಡನ್ನಿನಲ್ಲಿ ದುಡಿದರು. ಇಂದೋರಿನ ಸರ್ ಸೇಠ್ ಹುಕುಮ್ ಚಂದರು ಪಕ್ಷಕಾರರಾಗಿದ್ದ ಮೊಕದ್ದಮೆಯ ತೀರ್ಪು 1933ರಲ್ಲಿ ಹೊರಬಿದ್ದಿತು. 1930ರಲ್ಲಿ ಅವರು ಲಂಡನ್ನಿನಲ್ಲಿ ಋಷಭ ಜೈನ ಗ್ರಂಥಾಲಯವನ್ನು ಸ್ಥಾಪಿಸಿ, ಪರದೇಶೀಯರಿಗೆ ಜಿನವಾಣಿಯು ದೊರೆಯುವಂತೆ ಮಾಡಿದರು. 1942ರಲ್ಲಿ ಅವರು ದೇಹವನ್ನು ತ್ಯಜಿಸಿದರು.

ಅವರ ಗ್ರಂಥವು ನಾಡಿನ ಶಾಸನವಾಗಲಿಲ್ಲ. ಆದರೆ ಅದು ಬಯಸಿದ ನ್ಯಾಯವು ಬೇರೆ ದಾರಿಯಿಂದ ಬಂದಿತು. ಮೈಸೂರು ಸಂಸ್ಥಾನದ 1933ರ ಶಾಸನವು ವಿಭಾಗದ ಕಾಲದಲ್ಲಿ ಸ್ತ್ರೀಯರಿಗೆ ಪಾಲನ್ನು ಒದಗಿಸಿತು. ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 14ನೆಯ ಪ್ರಕರಣವು ಹೆಣ್ಣಿನ ಆಸ್ತಿಯನ್ನು ಅವಳ ಪೂರ್ಣ ಸ್ವತ್ತೆಂದು ಸಾರಿತು. ಜನ್ಮತಃ ಹೆಣ್ಣುಮಕ್ಕಳಿಗೂ ಕುಟುಂಬದ ಆಸ್ತಿಯಲ್ಲಿ ಹಕ್ಕನ್ನು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿಯೂ, ಇಡೀ ದೇಶದಲ್ಲಿ 2005ರಲ್ಲಿಯೂ ಜಾರಿಗೆ ಬಂದಿತು. 2014ರಲ್ಲಿ ಜೈನರು ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸಮುದಾಯವೆಂದು ಮಾನ್ಯರಾದರು.

ಇಂದು ವಿಧವೆಯ ಹಕ್ಕಿಗೆ ಊರಿನ ಹಿರಿಯರ ಸಾಕ್ಷ್ಯ ಬೇಕಿಲ್ಲ. ಆದರೂ ತಾಯಿಯ ಪಾಲನ್ನು, ಸೋದರಿಯ ಪಾಲನ್ನು ಹಕ್ಕುಬಿಡುಗಡೆ ಪತ್ರದ ಒಂದು ಸಹಿಯಿಂದ ಮೌನವಾಗಿ ಬಿಡಿಸಿಕೊಳ್ಳುವ ಮನೆಗಳು ಇಲ್ಲದಿಲ್ಲ. ಪರದ್ರವ್ಯವನ್ನು ಮುಟ್ಟದಿರುವ ಅಚೌರ್ಯಾಣುವ್ರತವು ಬಸದಿಯ ಹೊಸ್ತಿಲಲ್ಲಿ ಮುಗಿಯುವುದಲ್ಲ, ಮನೆಯ ವಿಭಾಗಪತ್ರದವರೆಗೂ ಬರುವಂಥದು. ಬ್ಯಾರಿಸ್ಟರ್ ಚಂಪತ್ ರಾಯರು ಶ್ರಾವಕಾಚಾರವನ್ನೂ ದಾಯಭಾಗವನ್ನೂ ಒಂದೇ ಲೇಖನಿಯಿಂದ ಬರೆದರು. ಅವರನ್ನು ನೆನೆಯುವ ಶ್ರಾವಕರು ಆ ಎರಡನ್ನೂ ಬೇರ್ಪಡಿಸದೆ ಬಾಳುವುದೇ ಅವರಿಗೆ ಸಲ್ಲುವ ಗೌರವ.