ರೆಡ್ ಔರ್‌ಬ್ಯಾಕ್: ಅಂಕ ಎಣಿಸದ ತರಬೇತುದಾರ

1943ರ ಮಾರ್ಚ್‌ನಲ್ಲಿ ಅಮೆರಿಕದ ದೈಹಿಕ ಶಿಕ್ಷಣ ಪತ್ರಿಕೆಯೊಂದರಲ್ಲಿ ಒಬ್ಬ ಹೈಸ್ಕೂಲ್ ಮೇಷ್ಟರ ಲೇಖನ ಪ್ರಕಟವಾಯಿತು. ವ್ಯಾಯಾಮಶಾಲೆಯ ಒಳಗೇ ಅಡೆತಡೆಗಳನ್ನು ಜೋಡಿಸಿ ಹುಡುಗರನ್ನು ಓಡಿಸುವುದು ಹೇಗೆ, ಪ್ರತಿಯೊಬ್ಬನೂ ತೆಗೆದುಕೊಂಡ ಸಮಯವನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಿ ಸ್ಪರ್ಧೆ ಹುಟ್ಟಿಸುವುದು ಹೇಗೆ ಎಂಬುದು ಅದರ ವಿಷಯ. ನಮ್ಮ ಅಭ್ಯಾಸ ಬೋಧನೆಯ ವರದಿಗಳಂಥದೇ ಬರಹ. ಬರೆದವರು ವಾಷಿಂಗ್ಟನ್ನಿನ ರೂಸ್‌ವೆಲ್ಟ್ ಹೈಸ್ಕೂಲಿನ ಶಿಕ್ಷಕ ಆರ್ನಾಲ್ಡ್ ಔರ್‌ಬ್ಯಾಕ್. ಕೆಂಪು ಕೂದಲಿನ ಕಾರಣ ಎಲ್ಲರ ಬಾಯಲ್ಲೂ ರೆಡ್. ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಮುಂದೆ ಇವರಷ್ಟು ಹೆಸರಾದ ತರಬೇತುದಾರರು ವಿರಳ.

ಔರ್‌ಬ್ಯಾಕ್ ಹುಟ್ಟಿದ್ದು 1917ರ ಸೆಪ್ಟೆಂಬರ್ 20ರಂದು, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. ತಂದೆ ಮಿನ್ಸ್ಕ್‌ನಿಂದ ವಲಸೆ ಬಂದ ಯಹೂದಿ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಅವರದು. ಮಗ ಅಲ್ಲಿ ಕೈಜೋಡಿಸುತ್ತಲೇ ಆಟ ಕಲಿತ. ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ತರಬೇತುದಾರ ಬಿಲ್ ರೈನ್‌ಹಾರ್ಟ್ ಅವರನ್ನು ಗುರುತಿಸಿ ವಿದ್ಯಾರ್ಥಿವೇತನ ಕೊಡಿಸಿದರು. ಚೆಂಡು ಕೈಗೆ ಸಿಕ್ಕ ಕ್ಷಣವೇ ಎದುರಾಳಿಗಳು ಸಾವರಿಸಿಕೊಳ್ಳುವ ಮೊದಲು ಮುನ್ನುಗ್ಗುವ ಆಟವನ್ನು ಔರ್‌ಬ್ಯಾಕ್ ಕಲಿತದ್ದು ಅವರಿಂದಲೇ. 1941ರಲ್ಲಿ ಸ್ನಾತಕೋತ್ತರ ಪದವಿ, ಅನಂತರ ಶಾಲೆಯ ಕೆಲಸ, 1943ರಿಂದ ನೌಕಾಪಡೆ.

ಯುದ್ಧ ಮುಗಿದ ಮೇಲೆ, 1946ರಲ್ಲಿ, ಹೊಸದಾಗಿ ಹುಟ್ಟಿದ ವೃತ್ತಿಪರ ಲೀಗ್‌ನ ವಾಷಿಂಗ್ಟನ್ ತಂಡಕ್ಕೆ ಅವರು ತರಬೇತುದಾರರಾದರು. ಆಗ ವಯಸ್ಸು 29. ಮೊದಲ ವರ್ಷವೇ 60 ಪಂದ್ಯಗಳಲ್ಲಿ 49 ಗೆಲುವು. ಮುಂದೆ ಇನ್ನೊಂದು ತಂಡದಲ್ಲಿ, ತಮ್ಮನ್ನು ಕೇಳದೆ ಮಾಲೀಕರು ಆಟಗಾರನೊಬ್ಬನನ್ನು ಬೇರೆಡೆಗೆ ಕೊಟ್ಟರೆಂದು ಕೆಲಸ ಬಿಟ್ಟರು. 1950ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಸೇರಿದರು. ಹಿಂದಿನ ವರ್ಷ ಆ ತಂಡ ಗೆದ್ದದ್ದು 22, ಸೋತದ್ದು 46.

ಅಲ್ಲಿ ಅವರ ಮೊದಲ ತೀರ್ಮಾನವೇ ತಪ್ಪಾಗಿತ್ತು. ಬಾಸ್ಟನ್ ಸಮೀಪದ ಕಾಲೇಜಿನಲ್ಲಿ ಆಡಿ ಜನಪ್ರಿಯನಾಗಿದ್ದ ಬಾಬ್ ಕೂಸಿ ಬೇಡವೆಂದರು. ಊರಿನ ಅಭಿಮಾನಕ್ಕಾಗಿ ಆಟಗಾರನನ್ನು ಆರಿಸುವುದಿಲ್ಲ ಎಂಬುದು ಅವರ ಪಟ್ಟು. ಆದರೆ ಕೂಸಿಯ ಹಕ್ಕು ಪಡೆದಿದ್ದ ಷಿಕಾಗೋ ತಂಡ ಮುಚ್ಚಿಹೋಗಿ, ಮೂವರು ಆಟಗಾರರ ಹೆಸರನ್ನು ಚೀಟಿ ಎತ್ತಿ ಹಂಚಿದಾಗ ಬಾಸ್ಟನ್ನಿನ ಪಾಲಿಗೆ ಬಂದದ್ದು ಅದೇ ಕೂಸಿ! ಚೆಂಡನ್ನು ಸಹಆಟಗಾರರಿಗೆ ದಾಟಿಸುವುದರಲ್ಲಿ ಅವರ ಸಮಕಾಲೀನರಲ್ಲಿ ಸರಿಸಾಟಿ ಯಾರೂ ಇರಲಿಲ್ಲ.

1956ರ ಆಯ್ಕೆಯಲ್ಲಿ ಮಾತ್ರ ಅದೃಷ್ಟದ ಪಾಲು ಕಡಿಮೆ. ಆ ಲೀಗ್‌ನಲ್ಲಿ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುತ್ತವೆ. ಔರ್‌ಬ್ಯಾಕ್ ಎಡ್ ಮಕಾಲಿ, ಕ್ಲಿಫ್ ಹೇಗನ್ ಎಂಬ ಇಬ್ಬರನ್ನು ಸೇಂಟ್ ಲೂಯಿಸ್ ತಂಡಕ್ಕೆ ಬಿಟ್ಟುಕೊಟ್ಟು ಎರಡನೆಯ ಸರದಿ ಪಡೆದರು, ಬಿಲ್ ರಸೆಲ್‌ರನ್ನು ತಂದರು. ರಸೆಲ್ ಬುಟ್ಟಿಗೆ ಗುರಿಯಿಡುವುದರಲ್ಲಿ ನಿಪುಣರಲ್ಲ. ಎದುರಾಳಿಯ ಎಸೆತ ತಡೆಯುವುದು, ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು ಅವರ ಶಕ್ತಿ. ಸಂಬಳದ ಮಾತುಕತೆಯಲ್ಲಿ ಗಳಿಸಿದ ಅಂಕಗಳ ಪ್ರಸ್ತಾಪವೇ ಬರುವುದಿಲ್ಲ ಎಂದು ಔರ್‌ಬ್ಯಾಕ್ ಅವರಿಗೆ ಭರವಸೆ ಕೊಟ್ಟರು. ಶಾಲೆಯಲ್ಲಿ ಹುಡುಗರ ಸಮಯ ಬರೆದು ಪ್ರದರ್ಶಿಸಿದ ಅದೇ ಮೇಷ್ಟರು! ಅವರ ಕಾಲದಲ್ಲಿ ಲೀಗ್‌ನ ಅತಿ ಹೆಚ್ಚು ಅಂಕ ಗಳಿಸಿದವರಲ್ಲಿ ಬಾಸ್ಟನ್ನಿನ ಒಬ್ಬನೂ ಮೊದಲ ಸ್ಥಾನಕ್ಕೆ ಬರಲಿಲ್ಲ. ಆದರೆ 1957ರಲ್ಲಿ ಮೊದಲ ಪ್ರಶಸ್ತಿ, 1959ರಿಂದ 1966ರವರೆಗೆ ಸತತ ಎಂಟು.

ಇದೆಲ್ಲಕ್ಕೂ ಅವರು ಕಲಿಸಿದ ಮುಖ್ಯ ಆಟದ ಯೋಜನೆಗಳು ಏಳೇ ಏಳು. ಎದುರಾಳಿಗಳಿಗೂ ಅವು ಗೊತ್ತಿದ್ದವು. ಕಡಿಮೆ ಕಲಿಸಿ, ಕಲಿಸಿದ್ದನ್ನು ಪೂರ್ತಿ ಕೈವಶ ಮಾಡಿಸುತ್ತಿದ್ದರು. ಆಡಲು ಇಳಿಯುವ ಮೊದಲ ಐವರಲ್ಲಿ ಹೆಸರಿಲ್ಲದಿದ್ದರೆ ಯಾವ ಆಟಗಾರನಿಗೂ ಅವಮಾನ. ಔರ್‌ಬ್ಯಾಕ್ ಫ್ರಾಂಕ್ ರಾಮ್ಸೆಯಂಥ ಒಳ್ಳೆಯ ಆಟಗಾರನನ್ನೇ ಬೆಂಚಿನಲ್ಲಿ ಕೂರಿಸಿ, ಉಳಿದವರು ದಣಿದಾಗ ಇಳಿಸಿದರು. ರಾಮ್ಸೆ, ಆಮೇಲೆ ಹ್ಯಾವ್ಲಿಚೆಕ್ ಆಡಿದ ಆ ಆರನೆಯವನ ಸ್ಥಾನಕ್ಕೆ ತಂಡದಲ್ಲಿ ಗೌರವವೇ ಬಂತು.

ವೈಯಕ್ತಿಕ ಭಿನ್ನತೆಗಳ ಪಾಠ ನಮಗೆ ಮನೋವಿಜ್ಞಾನದ ಪತ್ರಿಕೆಯಲ್ಲಿದೆ. ಔರ್‌ಬ್ಯಾಕ್ ಅದನ್ನು ನಡೆಸಿದ ರೀತಿ ಒರಟು. ಬೈಗುಳ ತಡೆದುಕೊಳ್ಳಬಲ್ಲ ಟಾಮ್ ಹೈನ್‌ಸನ್‌ಗೆ ಎಲ್ಲರೆದುರು ಬೈಯುತ್ತಿದ್ದರು. ಮನಸ್ಸಿಗೆ ಹಚ್ಚಿಕೊಳ್ಳುವವರಿಗೆ ಬೈಯುತ್ತಿರಲಿಲ್ಲ. ಅಭ್ಯಾಸವೆಂದರೆ ಬೇಸರಪಡುತ್ತಿದ್ದ ರಸೆಲ್‌ಗೆ ರಿಯಾಯಿತಿ ಇತ್ತು. ತಂಡ ಗೆಲ್ಲುತ್ತಿತ್ತು, ನಿಜ. ತರಗತಿಯಲ್ಲಿ ಒಬ್ಬನನ್ನೇ ಗುರಿಯಾಗಿಸಿ ಬೈದರೆ ಆ ಮಗುವಿನ ಗತಿಯೇನು? ಇದನ್ನು ನಾನು ಒಪ್ಪಲಾರೆ. ಗೆಲುವು ಖಚಿತವೆನಿಸಿದ ಕೂಡಲೇ ಬೆಂಚಿನಲ್ಲೇ ಸಿಗಾರ್ ಹಚ್ಚುವ ಅವರ ಅಭ್ಯಾಸವೂ ಎದುರಾಳಿಯನ್ನು ಕೆಣಕುವಂಥದು. 1957ರ ಅಂತಿಮ ಸರಣಿಯಲ್ಲಿ ಎದುರಾಳಿ ತಂಡದ ಮಾಲೀಕರಿಗೆ ಗುದ್ದಿಯೇ ಬಿಟ್ಟಿದ್ದರು. ವರ್ಷಗಟ್ಟಲೆ ಹೆಂಡತಿ ಮಕ್ಕಳು ವಾಷಿಂಗ್ಟನ್ನಿನಲ್ಲಿ, ಅವರು ಬಾಸ್ಟನ್ನಿನ ಹೋಟೆಲಿನಲ್ಲಿ.

ಆದರೆ ಬಣ್ಣದ ವಿಷಯದಲ್ಲಿ ಅವರ ಲೆಕ್ಕ ನೇರ. 1950ರಲ್ಲೇ ಸೆಲ್ಟಿಕ್ಸ್ ಚಕ್ ಕೂಪರ್‌ರನ್ನು ಆರಿಸಿಕೊಂಡಿತು. ಆ ಲೀಗ್‌ನ ತಂಡವೊಂದು ಕಪ್ಪು ಜನಾಂಗದ ಆಟಗಾರನನ್ನು ಹಾಗೆ ಆರಿಸಿದ್ದು ಅದೇ ಮೊದಲು. ಅದರಲ್ಲಿ ಮಾಲೀಕ ವಾಲ್ಟರ್ ಬ್ರೌನ್‌ರ ಪಾಲು ದೊಡ್ಡದು. 1964ರ ಡಿಸೆಂಬರ್ 26ರಂದು ಹೈನ್‌ಸನ್ ಗಾಯಗೊಂಡಿದ್ದಾಗ ಔರ್‌ಬ್ಯಾಕ್ ವಿಲ್ಲಿ ನಾಲ್ಸ್‌ರನ್ನು ಇಳಿಸಿದರು. ಮೊದಲ ಐವರೂ ಕಪ್ಪು ಜನಾಂಗದವರಾದರು. ಲೀಗ್‌ನಲ್ಲಿ ಹಿಂದೆಂದೂ ಹಾಗಾಗಿರಲಿಲ್ಲ. 1966ರಲ್ಲಿ ಅಂತಿಮ ಸರಣಿಯ ಮೊದಲ ಪಂದ್ಯ ಸೋತ ಬೆನ್ನಲ್ಲೇ, ಮುಂದಿನ ತರಬೇತುದಾರ ರಸೆಲ್ ಎಂದು ಪ್ರಕಟಿಸಿದರು. ಮೊದಲು ಬೇರೆ ಕೆಲವರನ್ನು ಯೋಚಿಸಿದ್ದೂ ಉಂಟು. ರಸೆಲ್ ವಾಸವಿದ್ದುದು ಬಾಸ್ಟನ್ ಹತ್ತಿರದ ಊರಿನಲ್ಲಿ. ಅಲ್ಲಿ ಅವರ ಮನೆಗೆ ನುಗ್ಗಿದವರು ಗೋಡೆಯ ಮೇಲೆ ಹೀನ ಬೈಗುಳ ಗೀಚಿಹೋಗಿದ್ದರು. ಅಂಥಲ್ಲಿ ಲೀಗ್‌ನ ಮೊದಲ ಕಪ್ಪು ತರಬೇತುದಾರರಾದ ಅವರು ಆಡುತ್ತಲೇ ತಂಡ ನಡೆಸಿ 1968, 1969ರಲ್ಲಿ ಪ್ರಶಸ್ತಿ ಗೆದ್ದರು.

ಔರ್‌ಬ್ಯಾಕ್ ಕಚೇರಿಗೆ ಸರಿದರು. 1978ರಲ್ಲಿ, ಇನ್ನೂ ಒಂದು ವರ್ಷ ಕಾಲೇಜಿನಲ್ಲಿ ಆಡಲಿದ್ದ ಲ್ಯಾರಿ ಬರ್ಡ್‌ರನ್ನು ಆರಿಸಿ ಕಾದರು. ಬೇರೆಯವರಿಗೆ ಅಷ್ಟು ತಾಳ್ಮೆ ಇರಲಿಲ್ಲ. 1980ರ ಒಂದೇ ವಿನಿಮಯದಿಂದ ರಾಬರ್ಟ್ ಪ್ಯಾರಿಶ್, ಕೆವಿನ್ ಮೆಕ್‌ಹೇಲ್ ಇಬ್ಬರೂ ಬಂದರು. 1981, 1984, 1986ರಲ್ಲಿ ಮತ್ತೆ ಪ್ರಶಸ್ತಿಗಳು. 1986ರಲ್ಲೇ ಆರಿಸಿದ ಲೆನ್ ಬಯಾಸ್ ಎಂಬ ಯುವಕ ಎರಡೇ ದಿನದಲ್ಲಿ ಕೊಕೇನ್‌ನಿಂದ ತೀರಿಕೊಂಡಾಗ ತಂಡದ ಮುಂದಿನ ದಾರಿಯೇ ಕುಸಿಯಿತು.

ತರಬೇತುದಾರರಾಗಿ ಒಂಬತ್ತು, ಆಡಳಿತಗಾರರಾಗಿ ಏಳು, ಒಟ್ಟು 16 ಪ್ರಶಸ್ತಿಗಳು ಅವರ ಹೆಸರಿಗಿವೆ. ಕೊನೆಯ ವರ್ಷಗಳಲ್ಲಿ ಮಂಗಳವಾರ ಬಂತೆಂದರೆ ವಾಷಿಂಗ್ಟನ್ನಿನ ಚೀನೀ ಹೋಟೆಲೊಂದರಲ್ಲಿ ಗೆಳೆಯರೊಡನೆ ಊಟ, ಹರಟೆ. 2006ರ ಅಕ್ಟೋಬರ್ 28ರಂದು, 89ನೆಯ ವಯಸ್ಸಿನಲ್ಲಿ, ಅದೇ ನಗರದಲ್ಲಿ ತೀರಿಕೊಂಡರು.