ನಮ್ಮ ರೂಮಿನ ಗೋಡೆ ಮತ್ತು ಹಳೇ ಹುಬ್ಬಳ್ಳಿಯ ಅಜ್ಜಾರು

ಹಳೇ ಹುಬ್ಬಳ್ಳಿಯಲ್ಲಿ ನಾವು ಮೂವರು ಸೇರಿ ಒಂದು ರೂಮ್ ಮಾಡಿಕೊಂಡಿದ್ದೇವೆ. ಥರ್ಡ್ ಸೆಮ್ ಶುರುವಾದಾಗ ಟೇಬಲ್ ಮುಂದಿನ ಗೋಡೆಯನ್ನು ಇನ್‌ಸ್ಪಿರೇಷನ್ ವಾಲ್ ಮಾಡೋಣ ಅಂತ ಪ್ಲಾನ್ ಹಾಕಿದ್ವಿ. ಐನ್‌ಸ್ಟೈನ್ ತಮ್ಮ ಓದುವ ಕೋಣೆಯ ಗೋಡೆ ಮೇಲೆ ನ್ಯೂಟನ್, ಫ್ಯಾರಡೆ, ಮ್ಯಾಕ್ಸ್‌ವೆಲ್ ಚಿತ್ರ ಇಟ್ಟುಕೊಂಡಿದ್ದರಂತೆ. ನಮಗೂ ಅಂಥದ್ದೊಂದು ಇರಲಿ ಅನ್ನಿಸ್ತು. ಮೊಳೆ ಹೊಡೆಯಬಾರದು ಅಂತ ಓನರ್ ಅಜ್ಜಿ ಮೊದಲೇ ಹೇಳಿದ್ದರು. ಅದಕ್ಕೆ ಥರ್ಮಾಕೋಲ್ ಶೀಟ್, ಡಬಲ್ ಸೈಡ್ ಟೇಪ್ ತಂದು ರಾಕೆಟ್, ದೊಡ್ಡ ಕಂಪನಿ ಕಟ್ಟಿದವರ ಫೋಟೋ, ಪ್ಲೇಸ್‌ಮೆಂಟ್ ಪ್ಯಾಕೇಜಿನ ಅಂಕಿ ಎಲ್ಲ ಅಂಟಿಸಿದ್ವಿ.

ಎರಡು ವಾರ ಚೆನ್ನಾಗಿತ್ತು. ಆಮೇಲೆ ರಿಸಲ್ಟ್ ಬಂತು. ನಮ್ಮಲ್ಲೊಬ್ಬನಿಗೆ ಎರಡು ಬ್ಯಾಕ್‌ಲಾಗ್. ಅವನು ಕುರ್ಚಿಯನ್ನು ಗೋಡೆಗೆ ಬೆನ್ನು ಮಾಡಿ ತಿರುಗಿಸಿಕೊಂಡ. ಆ ಫೋಟೋಗಳನ್ನ ನೋಡಿದರೆ ಓದೋಕೆ ಮನಸ್ಸು ಬರಲ್ಲ, ತಾನು ಲೇಟಾಗಿಬಿಟ್ಟೆ ಅನ್ನಿಸುತ್ತೆ ಅಂದ. ಕಾಲೇಜ್ ಬಿಟ್ಟು ಊರಿಗೆ ಹೋಗ್ತೀನಿ ಅಂತ ಬ್ಯಾಗೂ ತುಂಬಿಟ್ಟ.

ವಿಷಯ ಅಜ್ಜಿಗೆ ಗೊತ್ತಾಗಿ, ಹಳೇ ಕ್ಯಾಲೆಂಡರಿನಿಂದ ಕತ್ತರಿಸಿಟ್ಟಿದ್ದ ಸಿದ್ಧಾರೂಢರ ಫೋಟೋ ತಂದುಕೊಟ್ಟು, ಇದನ್ನೂ ಹಚ್ಚಿಕೊಳ್ಳಿ ಅಂದರು. ಇಲ್ಲಿ ಕಿರಾಣಿ ಅಂಗಡಿ, ಖಾನಾವಳಿ, ಆಟೋ, ಎಲ್ಲಿ ನೋಡಿದರೂ ಆ ಮುಖ ಕಾಣುತ್ತೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಮಾತ್ರ ಅವರು ರೈಲ್ವೆ ಸ್ಟೇಷನ್ನಿನ ಹೆಸರಾಗಿ ಅಷ್ಟೇ ಗೊತ್ತು. ಅಜ್ಜಾರು ಯಾರು ಅಂತ ಆಮೇಲೆ ಕೇಳಿ, ಓದಿ ತಿಳಿದುಕೊಂಡ್ವಿ.

ಸಿದ್ಧಾರೂಢರು ಹುಟ್ಟಿದ್ದು 1836ರಲ್ಲಿ, ಬೀದರ್ ಸೀಮೆಯ ಚಳಕಾಪುರದಲ್ಲಿ. ತಂದೆ ಗುರುಶಾಂತಪ್ಪ, ತಾಯಿ ದೇವಮಲ್ಲಮ್ಮ. ಮಗುವಿಗೆ ಇಟ್ಟ ಹೆಸರು ಸಿದ್ಧ. ಇನ್ನೂ ಆಡುವ ವಯಸ್ಸಿನಲ್ಲೇ ಹುಡುಗ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟನಂತೆ. ಗಜದಂಡ ಸ್ವಾಮಿಗಳು ಅಂತ ಒಬ್ಬ ಗುರು ಸಿಕ್ಕರು. ಅವರ ಹತ್ತಿರ ಸೇವೆ ಮಾಡುತ್ತಾ ವೇದಾಂತ ಕಲಿತ. ಸಿದ್ಧ ಅನ್ನೋ ಹುಡುಗ ಸಿದ್ಧಾರೂಢ ಆಗಿದ್ದು ಅಲ್ಲೇ.

ಕಲಿತ ಮೇಲೆ ಸೀದಾ ಹೋಗಿ ಒಂದು ಮಠದಲ್ಲಿ ಕೂತರಾ ಅಂದರೆ ಇಲ್ಲ. ಭಿಕ್ಷೆ ಬೇಡುತ್ತಾ, ಸಿಕ್ಕಲ್ಲಿ ಮಲಗುತ್ತಾ ವರ್ಷಗಟ್ಟಲೆ ದೇಶ ಸುತ್ತಿದರು. ಹುಬ್ಬಳ್ಳಿಗೆ ಬಂದಿದ್ದು 1877ರ ಸುಮಾರಿಗೆ. ಲೆಕ್ಕ ಹಾಕಿದರೆ ಆಗ ಅವರಿಗೆ ನಲವತ್ತು ದಾಟಿತ್ತು. ಈ ಲೆಕ್ಕ ಹಾಕಿದ್ದು ನಮ್ಮ ಬ್ಯಾಕ್‌ಲಾಗ್ ಗೆಳೆಯನೇ.

ಬಂದ ಕೂಡಲೇ ಊರು ಕೈಮುಗಿಯಲಿಲ್ಲ. ಮೈಮೇಲೆ ಸರಿಯಾಗಿ ಬಟ್ಟೆ ಇಲ್ಲದ, ಹಿಂದೆ ಮುಂದೆ ಗೊತ್ತಿಲ್ಲದ ಮನುಷ್ಯನನ್ನು ಹುಚ್ಚ ಅಂತ ತಿಳಿದು ಹುಡುಗರು ಕಾಡಿದರು, ಕೆಲವರು ಹೊಡೆದರು ಅಂತ ಇಲ್ಲಿನ ಹಿರಿಯರು ಹೇಳ್ತಾರೆ. ಅವರು ತಿರುಗಿ ಬೈಯಲಿಲ್ಲ, ಊರೂ ಬಿಡಲಿಲ್ಲ. ಊರ ಅಂಚಿನಲ್ಲಿ ಕೂತು, ಕೇಳೋಕೆ ಬಂದವರಿಗೆ ನಿಜಗುಣ ಶಿವಯೋಗಿಗಳ ಶಾಸ್ತ್ರವನ್ನು ಬಿಡಿಸಿ ಹೇಳುತ್ತಾ ಹೋದರು. ದೊಡ್ಡ ವೇದಾಂತವನ್ನು ಓದು ಬರಹ ಇಲ್ಲದವರಿಗೂ ತಿಳಿಯುವಂತೆ ಹೇಳುವುದೇ ಅವರ ಕೆಲಸವಾಗಿತ್ತು. ಜಾತಿ ಕೇಳದೆ ಎಲ್ಲರಿಗೂ ಓಂ ನಮಃ ಶಿವಾಯ ಮಂತ್ರ ಕೊಟ್ಟರು. ಮುಸ್ಲಿಂ ಮನೆಯಲ್ಲಿ ಹುಟ್ಟಿದ ಕಬೀರದಾಸರೂ ಅವರ ಶಿಷ್ಯರಾದರು. ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ನಿಧಾನಕ್ಕೆ ಜನ ಕೂಡಿದರು, ಮಠ ಬೆಳೆಯಿತು, ಮಹಾರಾಷ್ಟ್ರದಿಂದಲೂ ಭಕ್ತರು ಬಂದರು. ಬಂದವರಿಗೆಲ್ಲ ಊಟ ಹಾಕುವ ದಾಸೋಹ ಇವತ್ತಿಗೂ ನಡೀತಾ ಇದೆ. ತಿಂಗಳ ಕೊನೆಗೆ ರೊಕ್ಕ ಖಾಲಿಯಾದಾಗ ನಾವೂ ಆ ಪಂಕ್ತಿಯಲ್ಲಿ ಕೂತಿದ್ದೇವೆ. 1929ರ ಆಗಸ್ಟ್ 21ರಂದು, 93ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಸಮಾಧಿ ಆ ಮಠದಲ್ಲೇ ಇದೆ. ಶಿವರಾತ್ರಿಗೆ ತೇರು, ಶ್ರಾವಣದಲ್ಲಿ ಕೆರೆಯೊಳಗೆ ತೆಪ್ಪದ ತೇರು. ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇರೋ, ಜಗತ್ತಿಗೇ ಗೊತ್ತಾದ ನಮ್ಮ ಸ್ಟೇಷನ್ನಿಗೆ ಅವರದೇ ಹೆಸರು. ಒಂದು ಕಾಲಕ್ಕೆ ಹುಚ್ಚ ಅನ್ನಿಸಿಕೊಂಡವರ ಹೆಸರು.

ನಾವೇನು ದೊಡ್ಡ ಭಕ್ತರಲ್ಲ. ನಮ್ಮಲ್ಲೊಬ್ಬ ದೇವರನ್ನೇ ನಂಬಲ್ಲ. ಆದರೂ ಅಜ್ಜಾರ ಫೋಟೋ ಹಚ್ಚೋದಕ್ಕೆ ಮೂವರೂ ಒಪ್ಪಿದ್ವಿ. ಗೋಡೆ ಮೇಲಿದ್ದ ಉಳಿದ ಫೋಟೋಗಳೆಲ್ಲ ಗೆದ್ದ ದಿನದ್ದು. ಗೆಲ್ಲೋದಕ್ಕೆ ಮುಂಚಿನ ವರ್ಷಗಳು ಅವುಗಳಲ್ಲಿ ಕಾಣಲ್ಲ. ಈ ಫೋಟೋ ನೋಡಿದಾಗ ಮಾತ್ರ ನಮಗೆ ಆ ಭಿಕ್ಷೆಯ ವರ್ಷಗಳು, ಆ ಹೊಡೆತಗಳು ನೆನಪಾಗುತ್ತವೆ.

ಪ್ಯಾಕೇಜಿನ ಅಂಕಿಗಳನ್ನು ಕಿತ್ತು ಆ ಜಾಗದಲ್ಲಿ ಫೋಟೋ ಅಂಟಿಸಿದ್ವಿ. ಪಕ್ಕದಲ್ಲಿ ಗೆಳೆಯ ತನ್ನ ಮಾರ್ಕ್ಸ್ ಕಾರ್ಡಿನ ಝೆರಾಕ್ಸನ್ನು ತಾನೇ ಅಂಟಿಸಿದ, ಎರಡು ಫೇಲ್ ಸಮೇತ. ಬ್ಯಾಗ್ ಬಿಚ್ಚಿದ್ದಾನೆ. ಮುಂದಿನ ತಿಂಗಳು ಬ್ಯಾಕ್ ಪೇಪರ್ ಇದೆ. ಪಾಸಾಗ್ತಾನೋ ಇಲ್ವೋ ನಮಗೆ ಗೊತ್ತಿಲ್ಲ. ಕುರ್ಚಿಯನ್ನಂತೂ ಮತ್ತೆ ಗೋಡೆ ಕಡೆ ತಿರುಗಿಸಿಕೊಂಡು ಓದ್ತಾ ಇದ್ದಾನೆ.